ಆನಾ ಯಾಕೆ ನಿಲ್ಲಲಿಲ್ಲ? ‘ದಿ ಥರ್ಡ್ ಮ್ಯಾನ್’ ಮತ್ತೊಮ್ಮೆ ನೋಡುವವರಿಗೆ

ಪ್ರಶ್ನೆ: ಕಳೆದ ವಾರ ಮನೆಮಂದಿಯೆಲ್ಲ ಕೂತು ‘ದಿ ಥರ್ಡ್ ಮ್ಯಾನ್’ ಮತ್ತೆ ನೋಡಿದೆವು. ಮುಗಿದ ಮೇಲೆ ಸಣ್ಣ ಜಗಳವೇ ಆಯಿತು. ಮಾರ್ಟಿನ್ಸ್–ಆನಾ ಪ್ರೇಮದ ಎಳೆ ಸಿನಿಮಾಕ್ಕೆ ಭಾರ, ಅದನ್ನು ಕಿತ್ತುಹಾಕಿದ್ದರೆ ಪತ್ತೇದಾರಿ ಕಥೆ ಇನ್ನೂ ಬಿಗಿಯಾಗುತ್ತಿತ್ತು ಅಂತ ಭಾವನ ವಾದ. ಮಕ್ಕಳ ಪ್ರಾಣ ತೆಗೆದವನಿಗಾಗಿ ಕೊನೆಯವರೆಗೂ ಕೊರಗುವ ಆನಾ ಬರೀ ದಡ್ಡಿ ಅಂತಲೂ ಅಂದರು. ಇಡೀ ಸಿನಿಮಾದಲ್ಲಿ ನಿಯತ್ತು ಅಂತ ಇರುವುದು ಅವಳೊಬ್ಬಳಿಗೇ ಅನ್ನುತ್ತಾಳೆ ತಂಗಿ. ನನಗೆ ಮಾತ್ರ, ಕೊನೆಯಲ್ಲಿ ಅವಳು ಒಂದು ಗಳಿಗೆ ನಿಂತು ಒಂದು ಮಾತಾಡಿದ್ದರೆ ಏನು ಹೋಗುತ್ತಿತ್ತು ಅನ್ನಿಸಿತು. ಬರುವ ಭಾನುವಾರ ಇನ್ನೊಮ್ಮೆ ಹಾಕುತ್ತೇವೆ. ಏನನ್ನು ಗಮನಿಸಬೇಕು? ಯಾರ ಮಾತು ಸರಿ?

ಉತ್ತರ: ಭಾವನವರ ಮೊದಲ ವಾದ ನಿಲ್ಲುವುದಿಲ್ಲ. ಎರಡನೆಯದು ಅರ್ಧ ನಿಲ್ಲುತ್ತದೆ. ತಂಗಿಯ ಮಾತು ಸರಿ ದಾರಿಯಲ್ಲೇ ಇದೆ, ಆದರೆ ‘ನಿಯತ್ತು’ ಎಂಬ ಪದ ಆನಾಳಿಗೆ ಸರಿಯಾಗಿ ಒಪ್ಪುವುದಿಲ್ಲ. ನಿಮ್ಮ ಪ್ರಶ್ನೆಯಂತೂ ಈ ಸಿನಿಮಾ ತಯಾರಾಗುವಾಗ ಬರೆದವರಿಗೂ ನಿರ್ದೇಶಕರಿಗೂ ನಡುವೆ ಎದ್ದ ತಕರಾರೇ. ಅಲ್ಲಿಗೆ ಆಮೇಲೆ ಬರೋಣ. ಸಿನಿಮಾ ನೋಡದವರಿಗೆ ಒಂದು ಮಾತು: ಅಗ್ಗದ ಕಾದಂಬರಿ ಬರೆಯುವ ಮಾರ್ಟಿನ್ಸ್ ಗೆಳೆಯ ಹ್ಯಾರಿಯನ್ನು ನಂಬಿ ವಿಯೆನ್ನಾಕ್ಕೆ ಬಂದರೆ ಹ್ಯಾರಿ ಸತ್ತ ಸುದ್ದಿ ಸಿಗುತ್ತದೆ. ಆನಾ ಎಂಬ ನಟಿ ಆ ಹ್ಯಾರಿಯ ಹುಡುಗಿ.

ಮೊದಲು ನಿಮ್ಮ ಹತ್ತಿರ ಇರುವ ಪ್ರತಿ ಯಾವುದೆಂದು ನೋಡಿಕೊಳ್ಳಿ. 1949ರ ಈ ಸಿನಿಮಾಕ್ಕೆ ಎರಡು ರೂಪಗಳಿವೆ. ಬ್ರಿಟಿಷ್ ರೂಪ 104 ನಿಮಿಷ, ಅಮೆರಿಕದಲ್ಲಿ ಬಿಡುಗಡೆಯಾದದ್ದು 93 ನಿಮಿಷ. ಸಹನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅಮೆರಿಕದ ಪ್ರೇಕ್ಷಕರಿಗೆ ಇಷ್ಟು ಕೊಳಕು ಲೋಕ ಹಿಡಿಸದು ಎಂದುಕೊಂಡು 11 ನಿಮಿಷ ಕತ್ತರಿಸಿದರು. ಪತ್ತೆಹಚ್ಚುವುದು ಸುಲಭ, ಮೊದಲ ದನಿ ಕೇಳಿ. ಯುದ್ಧಕ್ಕೆ ಮುಂಚಿನ ವಿಯೆನ್ನಾ ತನಗೆ ಗೊತ್ತೇ ಇಲ್ಲ ಎಂದು ಕಾಳಸಂತೆಯ ಹೆಸರಿಲ್ಲದ ಆಸಾಮಿಯೊಬ್ಬ ಲಘುವಾಗಿ ಹೇಳಿಕೊಂಡು ಹೋದರೆ ಅದು ಬ್ರಿಟಿಷ್ ಪ್ರತಿ. ಆ ದನಿ ನಿರ್ದೇಶಕ ಕ್ಯಾರಲ್ ರೀಡ್ ಅವರದೇ. ಮಾರ್ಟಿನ್ಸ್ ಪಾತ್ರದ ಜೋಸೆಫ್ ಕಾಟನ್ ಸ್ವತಃ ಕಥೆ ಶುರುಮಾಡಿದರೆ ಅದು ಅಮೆರಿಕದ್ದು. ಪ್ರೇಮದ ಎಳೆಯ ಬಗ್ಗೆ ವಾದ ಮಾಡುವವರಿಗೆ ಇದು ಚಿಲ್ಲರೆ ವ್ಯತ್ಯಾಸವಲ್ಲ. ಅಮೆರಿಕದ ಪ್ರತಿಯಲ್ಲಿ ಮಾರ್ಟಿನ್ಸ್ ಕಥೆ ಹೇಳುವ ಯಜಮಾನನಾಗುತ್ತಾನೆ, ನಾವು ಅವನ ಪಕ್ಷ ವಹಿಸಿಯೇ ಕೂರುತ್ತೇವೆ. ಬ್ರಿಟಿಷ್ ಪ್ರತಿಯಲ್ಲಿ ಅವನು ಊರಿಗೆ ಬಂದಿಳಿದ ಒಬ್ಬ ಅಪರಿಚಿತ, ಅಷ್ಟೆ. ಅಂದಹಾಗೆ ಯುರೋಪಿನ ಹಳೆಯ ಡಿವಿಡಿಗಳು ಸೆಕೆಂಡಿಗೆ 25 ಚೌಕಟ್ಟಿನಂತೆ ಓಡುವುದರಿಂದ 104 ನಿಮಿಷದ್ದು 100ಕ್ಕೇ ಮುಗಿಯುತ್ತದೆ. ಅದನ್ನು ಕಂಡು ಕತ್ತರಿಸಿದ ಪ್ರತಿ ಎಂದುಕೊಳ್ಳಬೇಡಿ. ಸಾಧ್ಯವಾದರೆ 2015ರಲ್ಲಿ ದುರಸ್ತಿಯಾದ 4ಕೆ ಪ್ರತಿಯಿಂದ ತಯಾರಾದದ್ದನ್ನು ಹುಡುಕಿ. ಮಸುಕು ಪ್ರತಿಗಳಲ್ಲಿ ರಾತ್ರಿಯ ದೃಶ್ಯಗಳೆಲ್ಲ ಮಸಿ ಬಳಿದಂತಾಗಿ, ಆನಾ ಪಾತ್ರದ ಅಲಿಡಾ ವಾಲಿಯ ಮುಖದಲ್ಲಿ ಆಗುವ ಸಣ್ಣ ಬದಲಾವಣೆ ಕಾಣುವುದೇ ಇಲ್ಲ. ಆನಾಳ ಅರ್ಧ ಮಾತು ಇರುವುದು ಅಲ್ಲಿ.

ಸಬ್‌ಟೈಟಲ್ ಬಗ್ಗೆಯೂ ಎಚ್ಚರ ಬೇಕು. ಸಿನಿಮಾದಲ್ಲಿ ಜರ್ಮನ್ ಮಾತು ಧಾರಾಳವಾಗಿದೆ, ರೀಡ್ ಅದನ್ನು ಬೇಕೆಂದೇ ಅನುವಾದಿಸದೆ ಬಿಟ್ಟರು. ಮಾರ್ಟಿನ್ಸ್‌ಗೆ ಜರ್ಮನ್ ಬಾರದು, ನಮಗೂ ಬಾರದೆ ಇರಬೇಕು. ಕೆಲವು ಪ್ರತಿಗಳಲ್ಲಿ ಜರ್ಮನ್ನಿಗೂ ಇಂಗ್ಲಿಷ್ ಸಾಲು ಹಾಕಿರುತ್ತಾರೆ. ಆ ಸಾಲು ಬಂದರೆ ಆನಾಳ ಮೊದಲ ಕೆಲಸವೇ ಕಣ್ಮರೆಯಾಗುತ್ತದೆ. ಅವಳು ಅವನಿಗೆ ದುಭಾಷಿ. ಅವಳಿಲ್ಲದೆ ಅವನು ವಿಯೆನ್ನಾದಲ್ಲಿ ಕಿವುಡ.

ಈಗ ಭಾವನವರ ವಾದಕ್ಕೆ. ಒಂದು ಎಳೆ ಕಥೆಗೆ ಬೇಕೋ ಬೇಡವೋ ನೋಡಲು ಚಿತ್ರಕಥೆ ಬರೆಯುವವರು ಮಾಡುವ ಪರೀಕ್ಷೆ ಸರಳವಾದದ್ದು: ಆ ಎಳೆಯನ್ನು ಎಳೆದುಬಿಡಿ, ಎಲ್ಲೆಲ್ಲಿ ತೂತು ಬೀಳುತ್ತದೆ ನೋಡಿ. ಆನಾಳನ್ನು ಎಳೆದರೆ ಹ್ಯಾರಿಯ ಕಟ್ಟಡದ ದ್ವಾರಪಾಲಕನನ್ನು ಮಾರ್ಟಿನ್ಸ್ ಅವಳ ಜೊತೆ ಹೋಗಿ ವಿಚಾರಿಸುವ ದೃಶ್ಯ ಬೀಳುತ್ತದೆ. ಹ್ಯಾರಿಯದೆನ್ನಲಾದ ಹೆಣ ಹೊತ್ತವರು ಇಬ್ಬರಲ್ಲ, ಮೂರನೆಯವನೊಬ್ಬ ಇದ್ದ ಎಂಬ ಇಡೀ ಸಿನಿಮಾದ ಸುಳಿವು ಹೊರಬೀಳುವುದೇ ಅಲ್ಲಿ. ಆಮೇಲೆ ಹ್ಯಾರಿಯ ಪ್ರವೇಶ ಬೀಳುತ್ತದೆ. ಸಿನಿಮಾ ಒಂದು ಗಂಟೆ ದಾಟಿದ ಮೇಲೆ ಹ್ಯಾರಿ ಪಾತ್ರದ ಆರ್ಸನ್ ವೆಲ್ಸ್ ಕಾಣಿಸಿಕೊಳ್ಳುವ ಆ ಬಾಗಿಲ ಮರೆ ಇರುವುದು ಆನಾಳ ಕಿಟಕಿಯ ಕೆಳಗಿನ ಬೀದಿಯಲ್ಲಿ. ಅವನು ಅಲ್ಲಿಗೆ ಬಂದದ್ದು ಅವಳಿಗಾಗಿಯೋ ಮಾರ್ಟಿನ್ಸ್‌ನ ಬೆನ್ನು ಹತ್ತಿಯೋ, ಸಿನಿಮಾ ಹೇಳುವುದಿಲ್ಲ. ಪೊಲೀಸರು ಬಲೆ ಬೀಸಿದ ಕಾಫಿಗೃಹದಲ್ಲಿ ಹ್ಯಾರಿಯನ್ನು ಎಚ್ಚರಿಸುವವರೂ ಇರುವುದಿಲ್ಲ. ಎಚ್ಚರಿಕೆ ಇಲ್ಲದಿದ್ದರೆ ಅವನು ಮೇಜಿನ ಬಳಿಯೇ ಸಿಕ್ಕಿಬೀಳುತ್ತಾನೆ, ಒಳಚರಂಡಿಯ ಬೆನ್ನಟ್ಟುವಿಕೆ ಎಂಬುದೇ ಇಲ್ಲ.

ಇವೆಲ್ಲ ಕಥೆಯ ಮೊಳೆಗಳು. ಬೇರೆ ಪಾತ್ರವೊಂದನ್ನು ತಂದು ಹೊಡೆಯಬಹುದು ಎಂದು ಭಾವ ಹೇಳಿದರೆ ಅಲ್ಲಗಳೆಯಲು ಆಗದು. ಆದರೆ ಇನ್ನೊಂದು ತೂತು ಬೀಳುತ್ತದೆ, ಅದನ್ನು ಬೇರೆ ಪಾತ್ರದಿಂದ ಮುಚ್ಚಲಾಗದು. ಅದು ರೈಲು ನಿಲ್ದಾಣದ ದೃಶ್ಯ. ಭಾನುವಾರ ನೀವು ನಿಜಕ್ಕೂ ನಿಲ್ಲಿಸಿ ನಿಲ್ಲಿಸಿ ನೋಡಬೇಕಾದದ್ದು ಅದೊಂದನ್ನೇ.

ಅಷ್ಟು ಹೊತ್ತಿಗೆ ಕಥೆ ಎಲ್ಲಿದೆ ನೆನಪಿಸಿಕೊಳ್ಳಿ. ಹ್ಯಾರಿ ಬದುಕಿದ್ದಾನೆ. ಅವನ ಗೋರಿಯಲ್ಲಿ ಸಿಕ್ಕಿದ್ದು ಮಿಲಿಟರಿ ಆಸ್ಪತ್ರೆಯಿಂದ ಪೆನಿಸಿಲಿನ್ ಕದ್ದುಕೊಡುತ್ತಿದ್ದ ಹಾರ್ಬಿನ್ ಎಂಬ ನೌಕರನ ಹೆಣ. ಕದ್ದ ಮದ್ದಿಗೆ ನೀರು ಬೆರೆಸಿ ಮಾರಿದ್ದಾರೆ, ಅದನ್ನು ಚುಚ್ಚಿಸಿಕೊಂಡ ಮಕ್ಕಳಿಗೆ ಮೆನಿಂಜೈಟಿಸ್ ವಾಸಿಯಾಗಿಲ್ಲ. ಪ್ರಾಟರ್ ಉದ್ಯಾನದ ದೊಡ್ಡ ಚಕ್ರದಲ್ಲಿ (1897ರದ್ದು, ಸುಮಾರು 65 ಮೀಟರ್ ಎತ್ತರ, ಇವತ್ತಿಗೂ ತಿರುಗುತ್ತಿದೆ) ಗೆಳೆಯರಿಬ್ಬರ ಭೇಟಿ ಆಗಿದೆ. ಆನಾಳ ಕಾಗದಪತ್ರ ಖೊಟ್ಟಿ. ಅವಳು ಚೆಕೊಸ್ಲೊವಾಕಿಯಾದವಳು, ಆಸ್ಟ್ರಿಯನ್ ಎಂದು ತೋರಿಸುವ ಪಾಸ್‌ಪೋರ್ಟನ್ನು ಹ್ಯಾರಿಯೇ ಮಾಡಿಸಿಕೊಟ್ಟಿದ್ದ. ಈಗ ರಷ್ಯನ್ನರು ಅವಳನ್ನು ಒಪ್ಪಿಸಿ ಎನ್ನುತ್ತಿದ್ದಾರೆ. ಯುದ್ಧದ ನಂತರದ ವಿಯೆನ್ನಾ ನಾಲ್ಕು ದೇಶಗಳ ಪಾಲಾಗಿತ್ತು, ನಡುವಿನ ಭಾಗಕ್ಕೆ ನಾಲ್ವರದೂ ಜಂಟಿ ಪಹರೆ. ಅಲ್ಲಿ ಕಾಗದ ಇಲ್ಲದ ಹೆಂಗಸಿನ ಸ್ಥಿತಿ ಏನು ಎಂಬುದು 1949ರ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಹ್ಯಾರಿಯನ್ನು ಹಿಡಿಯಲು ನೆರವು ಕೊಡು ಎಂದು ಬ್ರಿಟಿಷ್ ಮಿಲಿಟರಿ ಪೊಲೀಸಿನ ಮೇಜರ್ ಕ್ಯಾಲೊವೇ ಕೇಳಿದಾಗ ಮಾರ್ಟಿನ್ಸ್ ಬೆಲೆ ಕೇಳುತ್ತಾನೆ. ಬೆಲೆ, ಆನಾಳ ಬಿಡುಗಡೆ. ವ್ಯವಹಾರ ಕುದುರುತ್ತದೆ, ಅವಳನ್ನು ರೈಲು ಹತ್ತಿಸಲಾಗುತ್ತದೆ. ನಿಲ್ದಾಣದ ಫಲಾಹಾರ ಗೃಹದಲ್ಲಿ ಕದ್ದು ನಿಂತ ಮಾರ್ಟಿನ್ಸ್ ಅವಳ ಕಣ್ಣಿಗೆ ಬೀಳುತ್ತಾನೆ. ಇಳಿದು ಬರುತ್ತಾಳೆ. ಎರಡು ಪ್ರಶ್ನೆಯಲ್ಲಿ ಎಲ್ಲ ಅರ್ಥವಾಗುತ್ತದೆ.

ಇಲ್ಲಿ ಅವಳ ಮಾತುಗಳನ್ನು ಒಂದೊಂದಾಗಿ ಕೇಳಿ. ಹ್ಯಾರಿ ತನಗೆ ಇನ್ನು ಬೇಡ ಎನ್ನುತ್ತಾಳೆ. ಅವನನ್ನು ನೋಡುವುದೂ ಬೇಡ, ಅವನ ದನಿ ಕೇಳುವುದೂ ಬೇಡ. ಆದರೆ ಅವನು ತನ್ನದೇ ಒಂದು ಭಾಗವಾಗಿ ಉಳಿದಿದ್ದಾನೆ, ಅವನಿಗೆ ಕೇಡು ಮಾಡುವುದು ತನ್ನಿಂದ ಆಗದು ಎನ್ನುತ್ತಾಳೆ. ನೀನು ನಿನ್ನನ್ನು ಮಾರಿಕೊಳ್ಳುವುದಾದರೆ ಅದಕ್ಕೆ ಬೆಲೆಯಾಗಲು ನಾನು ಒಪ್ಪೆ ಎನ್ನುತ್ತಾಳೆ. ಭಾವನವರ ‘ದಡ್ಡಿ’ ಅರ್ಧ ಬಿದ್ದುಹೋಗುವುದು ಇಲ್ಲಿ. ಕುರುಡು ಪ್ರೀತಿಯಲ್ಲಿರುವವಳು ಅವನು ಬೇಡ ಅನ್ನುವುದಿಲ್ಲ. ಪೆನಿಸಿಲಿನ್ ವಿಷಯ ಅವಳಿಗೆ ಗೊತ್ತಿಲ್ಲ ಅಂತ ಅವಳ ಪರ ವಾದಿಸುವವರೂ ಇದ್ದಾರೆ, ಅದೂ ತಪ್ಪು. ಕುಡಿದ ಮಾರ್ಟಿನ್ಸ್ ಹೂ ಹಿಡಿದು ಅವಳ ಕೋಣೆಗೆ ಬರುವ ಹಿಂದಿನ ದೃಶ್ಯದಲ್ಲೇ, ಕ್ಯಾಲೊವೇಯಿಂದ ತನಗೂ ಗೊತ್ತಾಗಿದೆ, ಹ್ಯಾರಿ ಸತ್ತದ್ದೇ ವಾಸಿ ಎಂದಿದ್ದಾಳೆ.

ಅವಳಿಗೆ ಗೊತ್ತಿರದ ವಿಷಯ ಬೇರೆಯೇ ಒಂದಿದೆ, ಎಷ್ಟೋ ಸಲ ನೋಡಿದವರೂ ಅದನ್ನು ದಾಟಿಬಿಡುತ್ತಾರೆ. ಆನಾಳ ಸುಳಿವನ್ನು ರಷ್ಯನ್ನರಿಗೆ ಕೊಟ್ಟವನು ಹ್ಯಾರಿಯೇ. ರಷ್ಯನ್ ವಲಯದಲ್ಲಿ ತಾನು ಸುರಕ್ಷಿತವಾಗಿ ಇರಬೇಕಾದರೆ ಅವರಿಗೆ ಉಪಯೋಗಕ್ಕೆ ಬರುತ್ತಿರಬೇಕಲ್ಲ! ಚಕ್ರದ ಡಬ್ಬಿಯಲ್ಲಿ ಮಾರ್ಟಿನ್ಸ್ ಇದನ್ನು ಊಹಿಸಿ ಮುಖಕ್ಕೇ ಕೇಳುತ್ತಾನೆ, ಹ್ಯಾರಿ ಅಲ್ಲ ಅನ್ನದೆ ಪೊಲೀಸನಾಗಬೇಡ ಎಂದು ತೇಲಿಸಿಬಿಡುತ್ತಾನೆ. ಅದೇ ಡಬ್ಬಿಯ ಕಿಟಕಿ ಗಾಜಿನ ಮೇಲೆ ಅವನ ಬೆರಳು ಅವಳ ಹೆಸರನ್ನೂ ಒಂದು ಹೃದಯವನ್ನೂ ಗೀಚುತ್ತದೆ. ಮಾರಿದವಳ ಹೆಸರು ಅದು. ಮಾತಿನ ಭರಾಟೆಯಲ್ಲಿ ತಪ್ಪಿಹೋಗುವ ಚಿತ್ರ, ಕಣ್ಣಿಟ್ಟಿರಿ. ಇನ್ನು ನಿಲ್ದಾಣದಲ್ಲಿ ಮಾರ್ಟಿನ್ಸ್ ಆನಾಳಿಗೆ ಏನು ಹೇಳುತ್ತಾನೆ ಗಮನಿಸಿ: ನಿನ್ನ ಹ್ಯಾರಿ ನಿನಗಾಗಿ ಒಂದು ಬೆರಳನ್ನೂ ಎತ್ತುವುದಿಲ್ಲ. ಅಲ್ಲಿಗೇ ನಿಲ್ಲುತ್ತಾನೆ. ಎತ್ತಿದ ಬೆರಳು ನಿನ್ನತ್ತಲೇ ತೋರಿಸಿತ್ತು ಎಂಬುದನ್ನು ನುಂಗಿಕೊಳ್ಳುತ್ತಾನೆ. ಇಡೀ ಸಿನಿಮಾದಲ್ಲಿ ಮಾರ್ಟಿನ್ಸ್‌ನ ಪ್ರೀತಿಗೆ ಗಟ್ಟಿ ಸಾಕ್ಷಿ ಅಂತ ಒಂದಿದ್ದರೆ ನನ್ನ ಮಟ್ಟಿಗೆ ಈ ಮೌನವೇ. ಹೇಳಿದ್ದರೆ ಗೆದ್ದುಬಿಡುತ್ತಿದ್ದ.

ಆನಾ ಒಪ್ಪದ ಮೇಲೆ ಮಾರ್ಟಿನ್ಸ್ ವ್ಯವಹಾರದಿಂದ ಹಿಂದೆ ಸರಿದು ವಿಮಾನ ಹತ್ತುತ್ತೇನೆ ಎನ್ನುತ್ತಾನೆ. ಕ್ಯಾಲೊವೇ ದಾರಿಯಲ್ಲಿ ಮಕ್ಕಳ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಅಲ್ಲಿ ಒಂದು ಮಗುವಿನ ಮುಖವನ್ನೂ ತೋರಿಸುವುದಿಲ್ಲ. ಮಾರ್ಟಿನ್ಸ್‌ನ ಮುಖ, ತಲೆಕೆಳಗಾಗಿ ಬೀಳುವ ಒಂದು ಗೊಂಬೆ ಕರಡಿ, ಅಷ್ಟೇ. ಹೊರಗೆ ಬಂದವನು ಒಪ್ಪುತ್ತಾನೆ, ಈ ಸಲ ಏನನ್ನೂ ಕೇಳದೆ. ಆಮೇಲೆ ಕಾಫಿಗೃಹದಲ್ಲಿ ಆನಾ ಬಂದು, ಈ ಸಲ ಎಷ್ಟಕ್ಕೆ ಎಂದು ಹಂಗಿಸುತ್ತಾಳೆ. ಬೆಲೆ ಇಲ್ಲ ಎನ್ನುತ್ತಾನೆ. ಕ್ರಮ ನೋಡಿ: ಮೊದಲು ಬೆಲೆ ಇಟ್ಟು ಒಪ್ಪಿದ, ಬೆಲೆಯಾಗಬೇಕಾದವಳೇ ಅದನ್ನು ಹರಿದುಹಾಕಿದಳು, ಕೊನೆಗೆ ಬೆಲೆಯಿಲ್ಲದೆ ಅದೇ ಕೆಲಸಕ್ಕೆ ನಿಂತ. ಗೆಳೆಯನನ್ನು ಹಿಡಿದುಕೊಡುವುದು ಯಾವಾಗ ದ್ರೋಹ, ಯಾವಾಗ ಧರ್ಮ ಎಂಬ ಪ್ರಶ್ನೆಗೆ ಈ ಸಿನಿಮಾ ಕೊಡುವ ಉತ್ತರ ಈ ಮೂರು ಮೆಟ್ಟಿಲಲ್ಲಿದೆ. ನಡುವಿನ ಮೆಟ್ಟಿಲು ಆನಾ. ಭಾವನವರ ಕತ್ತರಿ ಆಡಿದರೆ ಮಾರ್ಟಿನ್ಸ್ ಆಸ್ಪತ್ರೆ ನೋಡಿ ಮರುಗಿ ಪೊಲೀಸರಿಗೆ ನೆರವಾದ ಒಬ್ಬ ಸಜ್ಜನ ಮಾತ್ರ. ಅಂಥ ಸಿನಿಮಾಗಳು ಬೇಕಾದಷ್ಟಿವೆ.

ಇದನ್ನು ಒಪ್ಪಿಕೊಂಡರೆ ಕೊನೆಯ ದೃಶ್ಯದ ತಕರಾರು ಅರ್ಧ ತೀರಿದಂತೆ. ಬೆಲೆ ಬೇಡ ಎಂದು ಹೇಳಿ ಹ್ಯಾರಿಗೆ ಗುಂಡು ಹೊಡೆದ ಮಾರ್ಟಿನ್ಸ್‌ನ ತೋಳನ್ನು ಹೆಣ ಮಣ್ಣಾದ ಹತ್ತು ನಿಮಿಷಕ್ಕೆ ಆನಾ ಹಿಡಿದರೆ, ಬೆಲೆ ತಡವಾಗಿ ಪಾವತಿಯಾದಂತೆ.

ಸಿನಿಮಾದ ಕಥೆಗಾರ ಗ್ರಹಾಂ ಗ್ರೀನ್ ಮೊದಲು ಬರೆದದ್ದು ಮಾತ್ರ ಹಾಗೆಯೇ. (ಮೈಸೂರಿನ ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿಗೆ 1935ರಲ್ಲಿ ಲಂಡನ್ನಿನ ಪ್ರಕಾಶಕರನ್ನು ಹುಡುಕಿಕೊಟ್ಟ ಗ್ರೀನ್ ಇವರೇ.) ಚಿತ್ರಕಥೆಗೆ ಕೂರುವ ಮುಂಚೆ ಅವರು ಇಡೀ ಕಥೆಯನ್ನು ಕಿರುಕಾದಂಬರಿಯಾಗಿ ಬರೆದುಕೊಂಡರು, ಸಿನಿಮಾ ಬಂದ ಮೇಲೆ 1950ರಲ್ಲಿ ಅದು ಅಚ್ಚಾಯಿತು. ಅದರ ಕೊನೆಯಲ್ಲಿ ಆನಾ ಮಾರ್ಟಿನ್ಸ್‌ನ ತೋಳಿಗೆ ಕೈ ಸೇರಿಸಿ ನಡೆಯುತ್ತಾಳೆ. ಇಂಥ ಹಗುರ ಮನರಂಜನೆಯ ಕಥೆ ದುಃಖದ ಮುಕ್ತಾಯದ ಭಾರ ತಾಳದು ಎಂಬುದು ಗ್ರೀನ್ ನಿಲುವು. ಆಗಷ್ಟೇ ಹ್ಯಾರಿಯ ಸಾವು ಕಂಡ ಪ್ರೇಕ್ಷಕರಿಗೆ ಆ ಕೈಹಿಡಿತ ನಾಚಿಕೆಗೆಟ್ಟದ್ದಾಗಿ ಕಾಣುತ್ತದೆ ಎಂಬುದು ರೀಡ್ ನಿಲುವು. ಪುಸ್ತಕದ ಮುನ್ನುಡಿಯಲ್ಲಿ ಗ್ರೀನ್ ತಾವು ಸೋತದ್ದನ್ನು ಒಪ್ಪಿಕೊಂಡಿದ್ದಾರೆ. ಹುಡುಗಿ ಅಷ್ಟು ದೂರ ನಡೆದು ಬರುವವರೆಗೆ ಜನ ಕುರ್ಚಿಯಲ್ಲಿ ಕೂತಾರೆಯೇ, ಅವಳು ತಲುಪುವ ಮೊದಲೇ ಎದ್ದು ಹೋಗಿ ಎಲ್ಲ ಸುಖಾಂತವೇ ಎಂದುಕೊಂಡಾರು ಎಂಬ ಹೆದರಿಕೆ ಅವರಿಗೆ ಇತ್ತಂತೆ. ರೀಡ್ ಅವರ ಕೈಚಳಕವನ್ನೂ, ಆಂಟನ್ ಕರಾಸ್ ಎಂಬ ಜಿದರ್ (ಒಂದು ತಂತಿವಾದ್ಯ) ವಾದಕ ಅವರಿಗೆ ಸಿಗುತ್ತಾನೆ ಎಂಬುದನ್ನೂ ತಾನು ಎಣಿಸಿರಲಿಲ್ಲ ಎನ್ನುತ್ತಾರೆ.

ನಿಮ್ಮ ‘ಒಂದು ಮಾತು’ ಇವೆರಡರ ನಡುವಿನ ದಾರಿ. ಪ್ರಯೋಗ ಮಾಡಿ ನೋಡಿ. ಕೊನೆಯ ಚಿತ್ರಿಕೆ ಶುರುವಾದಾಗ ಮೊಬೈಲಿನಲ್ಲಿ ಸಮಯ ಅಳೆಯಿರಿ: ಒಂದು ನಿಮಿಷಕ್ಕೂ ಮೀರಿ ಒಂದೇ ಚಿತ್ರಿಕೆ, ಎಲ್ಲೂ ಕತ್ತರಿ ಇಲ್ಲ, ಮಾತಿಲ್ಲ, ಜಿದರ್ ಮಾತ್ರ. ಸ್ಮಶಾನದ ಉದ್ದನೆಯ ರಸ್ತೆ, ಎರಡೂ ಬದಿಗೆ ಬೋಳು ಮರ, ಎಡಕ್ಕೆ ಗಾಡಿಗೆ ಒರಗಿ ನಿಂತ ಮಾರ್ಟಿನ್ಸ್. ದೂರದಲ್ಲಿ ಚುಕ್ಕೆಯಂತಿದ್ದ ಆನಾ ನಡೆದು ನಡೆದು ಹತ್ತಿರವಾಗುತ್ತಾಳೆ, ಕತ್ತೂ ತಿರುಗಿಸದೆ ಅವನನ್ನು ದಾಟುತ್ತಾಳೆ, ಕ್ಯಾಮೆರಾವನ್ನೂ ದಾಟುತ್ತಾಳೆ. ಅವನು ಸಿಗರೇಟು ಹಚ್ಚುತ್ತಾನೆ. ಈಗ ಮನಸ್ಸಿನಲ್ಲೇ ಅವಳನ್ನು ನಿಲ್ಲಿಸಿ, ನೀವು ಬಯಸುವ ಆ ಒಂದು ಮಾತನ್ನು ಕಾಗದದ ಮೇಲೆ ಬರೆಯಿರಿ. ‘ಹೋಗಿ ಬರ್ತೀನಿ’ ಎಂದರೆ ಕ್ಷಮಿಸಿದಂತೆ. ‘ನಿನ್ನ ಮುಖ ತೋರಿಸಬೇಡ’ ಎಂದರೆ ಅವನನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ. ನಿಂತು ಆಡಿದ ಯಾವ ಮಾತಾದರೂ ಅವನಿಗೆ ಒಂದು ಉತ್ತರ ಆಗಿಯೇ ಆಗುತ್ತದೆ. ಅವನಿಗೆ ಉತ್ತರವೇ ಸಿಗಬಾರದು ಎನ್ನುವುದು ಈ ದೃಶ್ಯದ ಕಟ್ಟಡ. ಇನ್ನೊಂದು ವಿಷಯ: ಸಿನಿಮಾ ಉದ್ದಕ್ಕೂ ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಕ್ಯಾಮೆರಾವನ್ನು ವಾರೆ ಹಿಡಿದಿದ್ದಾರೆ, ಮನೆ, ಮೆಟ್ಟಿಲು, ಮುಖ ಎಲ್ಲ ಓರೆ. ಈ ಚಿತ್ರಿಕೆ ಮಾತ್ರ ದಾರ ಹಿಡಿದು ಗೀಟು ಹೊಡೆದಷ್ಟು ನೆಟ್ಟಗೆ.

ಇದೇ ರಸ್ತೆಯನ್ನು ಶುರುವಿನಲ್ಲೂ ತೋರಿಸಿದ್ದಾರೆ, ಹಿಂದಕ್ಕೆ ಓಡಿಸಿ ನೋಡಿ. ಮೊದಲ ಶವಸಂಸ್ಕಾರ ಮುಗಿದ ಮೇಲೆ ಕ್ಯಾಲೊವೇಯ ಜೀಪಿನಲ್ಲಿ ಕೂತ ಮಾರ್ಟಿನ್ಸ್, ಒಬ್ಬಳೇ ನಡೆದುಹೋಗುತ್ತಿರುವ ಆನಾಳನ್ನು ದಾಟುತ್ತಾನೆ. ಆಗ ಅವಳ ಹೆಸರೂ ಗೊತ್ತಿಲ್ಲ. ಕೊನೆಯಲ್ಲಿ ಅದೇ ಜೀಪು, ಅದೇ ನಡೆಯುವ ಹೆಂಗಸು. ಈ ಸಲ ಇಳಿಯುತ್ತೇನೆ ಎನ್ನುತ್ತಾನೆ. ವಿವೇಕ ಇರಲಿ ಎಂದು ಕ್ಯಾಲೊವೇ ಬುದ್ಧಿ ಹೇಳಿದರೆ, ನನ್ನ ಹೆಸರಲ್ಲೇ ವಿವೇಕ ಇಲ್ಲ ಎಂಬರ್ಥದ ಉತ್ತರ ಕೊಡುತ್ತಾನೆ. ಇದು ಬರೀ ಚಟಾಕಿ ಅಲ್ಲ. ಕಾಫಿಗೃಹದಲ್ಲಿ ಆನಾ ಅವನನ್ನು ಪ್ರಾಮಾಣಿಕ, ವಿವೇಕಿ, ನಿರುಪದ್ರವಿ ಹಾಲಿ ಮಾರ್ಟಿನ್ಸ್ ಎಂದು ಒಂದೊಂದೇ ಗುಣ ಎಣಿಸಿ ಅಣಕಿಸಿ, ಹಾಲಿ ಎಂಬ ಹೆಸರೇ ಎಷ್ಟು ಪೆದ್ದು ಎಂದಿದ್ದಳು. ಅವಳ ಚುಚ್ಚುಮಾತನ್ನೇ ಅವನು ಜೀಪಿನಲ್ಲಿ ಹೊತ್ತು ತಂದಿದ್ದಾನೆ. ಕನ್ನಡದ ಕಿವಿಗಂತೂ ‘ಹಾಲಿ’ ಎಂದರೆ ಮಾಜಿ ಒಬ್ಬ ಇರಲೇಬೇಕು ಅನ್ನಿಸುತ್ತದೆ. ಈ ಕಥೆಯಲ್ಲಿ ಅದು ಸುಳ್ಳಲ್ಲ, ಆನಾ ಒಂದಕ್ಕಿಂತ ಹೆಚ್ಚು ಸಲ ಇವನನ್ನು ಬಾಯಿತಪ್ಪಿ ಹ್ಯಾರಿ ಎಂದು ಕರೆಯುತ್ತಾಳೆ. ಎಲ್ಲೆಲ್ಲಿ ಎಂದು ಗುರುತು ಹಾಕಿಕೊಳ್ಳಿ, ಒಬ್ಬರಿಗೆ ಆ ಕೆಲಸವನ್ನೇ ವಹಿಸಿ.

ಮಾರ್ಟಿನ್ಸ್‌ನ ಪ್ರೀತಿ ಬೇಗ ಹುಟ್ಟಿತು, ನಂಬುವ ಹಾಗಿಲ್ಲ ಎಂಬ ಆಕ್ಷೇಪ ಭಾವ ಎತ್ತಿಲ್ಲ, ಆದರೆ ಭಾನುವಾರ ಎತ್ತಬಹುದು. ಅದು ನ್ಯಾಯವಾದ ಆಕ್ಷೇಪವೇ. ಊರಿಗೆ ಬಂದು ಕೆಲವೇ ದಿನ ಆಗಿದೆ. ಆದರೆ ಅವನು ಬಂದದ್ದು ಯಾಕೆ? ಹ್ಯಾರಿ ಕೆಲಸ ಕೊಡುತ್ತೇನೆ ಎಂದಿದ್ದಕ್ಕೆ. ಕೆಲಸ ಸಿಗಲಿಲ್ಲ, ಗೆಳೆಯ ಸಿಗಲಿಲ್ಲ, ಸಿಕ್ಕಿದ್ದು ಗೆಳೆಯನ ಕೋಣೆ, ಗೆಳೆಯನ ಶತ್ರುಗಳು, ಗೆಳೆಯನ ಹುಡುಗಿ. ಆನಾ ಮಲಗುವ ಪೈಜಾಮದ ಮೇಲೂ ಹ್ಯಾರಿಯ ಹೆಸರಿನ ಮೊದಲಕ್ಷರ ಕಸೂತಿಯಾಗಿದೆ. ಮಾರ್ಟಿನ್ಸ್ ಪ್ರೀತಿಸುವುದು ಹ್ಯಾರಿ ಬಿಟ್ಟುಹೋದ ಜಾಗವನ್ನು. ಅದು ಅವಳಿಗೆ ಅವನಿಗಿಂತ ಮೊದಲೇ ಗೊತ್ತಾಗಿದೆ. ಪ್ರೀತಿ ಹೇಳಿಕೊಂಡ ರಾತ್ರಿ ಅವಳು ಕೊಡುವ ಉತ್ತರವೇನು? ನೀನು ಕೆಂಪಗಿದ್ದೀಯೋ ಕಪ್ಪಗಿದ್ದೀಯೋ, ಮೀಸೆ ಇದೆಯೋ ಇಲ್ಲವೋ ಎಂದು ನೀನೇ ಫೋನಿನಲ್ಲಿ ಕೇಳಿದ್ದರೂ ಹೇಳಲು ನನಗೆ ಗೊತ್ತಾಗುತ್ತಿರಲಿಲ್ಲ ಎಂಬರ್ಥದ ಮಾತು. ಕೋಪದಿಂದ ಅಲ್ಲ, ಬೇಸರದಿಂದ. ಅದೇ ದೃಶ್ಯದಲ್ಲಿ ಅವನ ಹುಡುಗಾಟಕ್ಕೆ ಒಮ್ಮೆ ನಗುತ್ತಾಳೆ, ಇನ್ನೊಮ್ಮೆ ನಗು ಎಂದರೆ ಎರಡು ನಗುವಿಗೆ ಸಾಲುವಷ್ಟು ಇಲ್ಲ ಎನ್ನುತ್ತಾಳೆ. ಆ ಒಂದು ನಗುವನ್ನು ಹಿಡಿದುಕೊಂಡೇ ‘ಅವಳಿಗೂ ಸ್ವಲ್ಪ ಮನಸ್ಸಿತ್ತು’ ಎಂದು ವಾದಿಸುವವರು ಸಿಗುತ್ತಾರೆ. ಇತ್ತೋ ಏನೋ. ಬೆಕ್ಕಿಗಂತೂ ಇರಲಿಲ್ಲ: ಮಾರ್ಟಿನ್ಸ್ ದಾರ ಆಡಿಸಿದರೆ ತಿರುಗಿ ನೋಡದೆ ಕಿಟಕಿಯಿಂದ ಇಳಿದುಹೋಗಿ, ಬೀದಿಯ ಬಾಗಿಲ ಮರೆಯಲ್ಲಿ ನಿಂತವನ ಬೂಟಿನ ಬಳಿ ಕೂರುತ್ತದೆ. ಅದು ಹ್ಯಾರಿಯನ್ನು ಮಾತ್ರ ಹಚ್ಚಿಕೊಂಡಿತ್ತು ಎಂದು ಆನಾ ಆಗಲೇ ಹೇಳಿರುತ್ತಾಳೆ.

ತಂಗಿಯ ‘ನಿಯತ್ತು’ ಯಾಕೆ ಒಪ್ಪುವುದಿಲ್ಲ ಎಂದೆನಲ್ಲ. ನಿಯತ್ತು ಎಂದರೆ ಒಬ್ಬರ ಕಡೆ ನಿಲ್ಲುವುದು. ಆನಾ ಹ್ಯಾರಿಯ ಕಡೆ ನಿಂತಿಲ್ಲ. ಒಬ್ಬ ಮನುಷ್ಯನ ಬಗ್ಗೆ ನಮಗೆ ಹೆಚ್ಚು ಗೊತ್ತಾದ ಮಾತ್ರಕ್ಕೆ ಆ ಮನುಷ್ಯ ಬದಲಾಗುವುದಿಲ್ಲ ಎನ್ನುವುದು ಅವಳ ವಾದ. ತಾನು ಪ್ರೀತಿಸಿದವನೂ ಮದ್ದಿಗೆ ನೀರು ಬೆರೆಸಿದವನೂ ಒಬ್ಬನೇ, ಮೊದಲನೆಯವನನ್ನು ಸುಳ್ಳು ಮಾಡಿಕೊಂಡು ಎರಡನೆಯವನನ್ನು ಹಿಡಿದುಕೊಡಲಾರೆ. ಈ ವಾದದ ದೌರ್ಬಲ್ಯ ಆಸ್ಪತ್ರೆಯಲ್ಲಿದೆ, ಆ ಆಸ್ಪತ್ರೆಯನ್ನು ಸಿನಿಮಾ ಅವಳಿಗೆ ತೋರಿಸುವುದೇ ಇಲ್ಲ. ಕಾಫಿಗೃಹದಲ್ಲಿ ಅವಳು ಕೂಗಿ ಎಚ್ಚರಿಸಿದ್ದರಿಂದಲೇ ಬೆನ್ನಟ್ಟುವಿಕೆ, ಬೆನ್ನಟ್ಟುವಿಕೆಯಿಂದಲೇ ಕ್ಯಾಲೊವೇಯ ಸಹಾಯಕ ಸಾರ್ಜೆಂಟ್ ಪೇನ್ ಸಾವು. ಇಡೀ ಕಥೆಯಲ್ಲಿ ಯಾರಿಗೂ ಕೇಡು ಬಗೆಯದ, ಮಾರ್ಟಿನ್ಸ್ ಬರೆದ ಅಗ್ಗದ ಕಾದಂಬರಿಗಳನ್ನೂ ಖುಷಿಯಿಂದ ಓದುವ ಪಾಪದ ಮನುಷ್ಯ ಅವನು. ಭಾವನವರ ಕೈಯಲ್ಲಿ ಉಳಿಯುವ ಗಟ್ಟಿ ಅಸ್ತ್ರ ಇದು, ತಂಗಿ ಇದಕ್ಕೆ ಉತ್ತರ ಸಿದ್ಧಮಾಡಿಕೊಂಡು ಕೂರಲಿ.

ಎಳೆಯಲ್ಲಿ ನಿಜವಾಗಿ ಸಡಿಲ ಇರುವುದು ಬೇರೆ ಕಡೆ. ಆನಾಳ ಬಂಧನ, ಬಿಡುಗಡೆ, ಮತ್ತೆ ಬಂಧನ ಗೊಂದಲವಾಗಿದೆ. ರಷ್ಯನ್ನರಿಗೆ ಈ ನಟಿ ಅಷ್ಟೊಂದು ಯಾಕೆ ಬೇಕು ಎಂಬುದಕ್ಕೆ ಬಲವಾದ ಕಾರಣ ಇಲ್ಲ. ಕಿರುಕಾದಂಬರಿಯಲ್ಲಿ ರಷ್ಯನ್ನರು ಅವಳನ್ನು ಅಪಹರಿಸಲು ನೋಡುವ ಪ್ರಸಂಗವೇ ಇದೆ. ಅದು ಕಥೆಗೆ ಸರಿಯಾಗಿ ಹೊಂದಲಿಲ್ಲ, ಸಿನಿಮಾ ರಾಜಕೀಯ ಪ್ರಚಾರದಂತಾಗುವ ಅಪಾಯವೂ ಇತ್ತು, ಹಾಗಾಗಿ ತಡವಾಗಿ ಕೈಬಿಟ್ಟೆವು ಎಂದು ಗ್ರೀನ್ ಬರೆದಿದ್ದಾರೆ. ಕಿತ್ತ ಜಾಗದ ಹೊಲಿಗೆ ಈಗಲೂ ಕಾಣುತ್ತದೆ.

ವಾದ ದಾರಿ ತಪ್ಪುವುದು ಹೆಚ್ಚಾಗಿ ಬೇರೆ ಕಡೆಯ ಸಂಗತಿಗಳನ್ನು ತಂದು ಸೇರಿಸುವುದರಿಂದ. ಕಿರುಕಾದಂಬರಿ ಓದಿದವರು ಅದರ ಮಾರ್ಟಿನ್ಸ್‌ನನ್ನು ಇಲ್ಲಿಗೆ ತರುತ್ತಾರೆ. ಅಲ್ಲಿ ಅವನ ಹೆಸರೇ ರೋಲೋ, ಕಥೆ ಹೇಳುವವನು ಕ್ಯಾಲೊವೇ. ಇನ್ನು ಕೆಲವರಿಗೆ 1951–52ರ ರೇಡಿಯೊ ಸರಣಿ ನೆನಪು. ಅದರಲ್ಲಿ ವೆಲ್ಸ್ ಅದೇ ಹ್ಯಾರಿಯನ್ನು ಊರೂರು ಸುತ್ತುವ ತುಂಟ ಮೋಸಗಾರನಾಗಿ ಮಾಡಿದ್ದಾರೆ, ಇಷ್ಟವಾಗುತ್ತಾನೆ ಕೂಡ. ಆ ಹ್ಯಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆನಾಳ ಸಂಕಟವೇ ಅರ್ಥವಾಗುವುದಿಲ್ಲ.

ಭಾನುವಾರ ನಿಲ್ಲಿಸುವುದಾದರೆ ಎರಡೇ ಕಡೆ ನಿಲ್ಲಿಸಿ. ನಿಲ್ದಾಣದಲ್ಲಿ ಆನಾ ಹೊರಟುಹೋದ ತಕ್ಷಣ ಒಮ್ಮೆ: ಆ ಗಳಿಗೆಯಲ್ಲಿ ಅವಳಿಗೆ ಏನೇನು ಗೊತ್ತು, ಏನು ಗೊತ್ತಿಲ್ಲ ಎಂದು ಮೂವರೂ ಬೇರೆ ಬೇರೆ ಬರೆದು ಆಮೇಲೆ ಹೋಲಿಸಿ. ಎರಡನೆಯದು, ಕೊನೆಯಲ್ಲಿ ಮಾರ್ಟಿನ್ಸ್ ಜೀಪಿನಿಂದ ಇಳಿಯುವ ಮೊದಲು. ಆನಾಳಿಗಾಗಿ ಏನಾದರೂ ಮಾಡಲಾಗದೇ ಎಂದು ಅವನು ಕೇಳುತ್ತಾನೆ. ಅವಳು ಮಾಡಗೊಟ್ಟರೆ ಕೈಲಾದದ್ದು ಮಾಡುತ್ತೇನೆ ಎನ್ನುತ್ತಾನೆ ಕ್ಯಾಲೊವೇ. ಅಂದರೆ ಅವಳ ಪಾಸ್‌ಪೋರ್ಟು ಇನ್ನೂ ಖೊಟ್ಟಿಯೇ, ರಷ್ಯನ್ನರ ಬೇಡಿಕೆ ಇನ್ನೂ ಹಾಗೆಯೇ ಇದೆ, ಊರಿಡೀ ನಾಲ್ಕು ದೇಶಗಳ ಪಹರೆ. ಅವಳ ಪರವಾಗಿ ಕ್ಯಾಲೊವೇ ಹತ್ತಿರ ಮಾತಾಡಬಲ್ಲವನು ಒಬ್ಬನೇ, ರಸ್ತೆ ಬದಿಯ ಗಾಡಿಗೆ ಒರಗಿ ನಿಂತಿದ್ದಾನೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಆ ಒಂದು ನಿಮಿಷದ ನಡಿಗೆ ಓಡಿಸಿ.